ಹಳೆಯ ದೇವಾಲಯವನ್ನು ಒಡಲಲ್ಲಿಟ್ಟುಕೊಂಡ ಗುಮ್ಮಟ: ಮಾಲ್ಟಾ ದ್ವೀಪದ ವಾಸ್ತುಚರಿತ್ರೆಯ ಒಂದು ವಿಮರ್ಶೆ

ಮಾಲ್ಟಾ ಎಂಬ ಹೆಸರು ನಮ್ಮ ಗುರುಮಠಗಳಲ್ಲಿ ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಕೇಳಿಬರುತ್ತದೆ. ಒಂದು, ಪ್ರೇಷಿತರ ಕಾರ್ಯಕಲಾಪಗಳ ಕೊನೆಯ ಅಧ್ಯಾಯಗಳನ್ನು ಪಾಠ ಮಾಡುವಾಗ; ಇನ್ನೊಂದು, ದೇವರ ಪರಿಪಾಲನೆಯನ್ನು ಕುರಿತ ಪ್ರಬೋಧನೆಗೆ ದೃಷ್ಟಾಂತವೊಂದು ಬೇಕಾದಾಗ. ಆ ದೃಷ್ಟಾಂತವನ್ನು ಓದುಗರಲ್ಲಿ ಅನೇಕರು ಬಲ್ಲರು. 1942ರ ಏಪ್ರಿಲ್ 9ರ ಸಂಜೆ, ಮೊಸ್ತಾ ಎಂಬ ಊರಿನ ದೇವಾಲಯದಲ್ಲಿ ಜನರು ಬಲಿಪೂಜೆಗಾಗಿ ನೆರೆದಿದ್ದಾಗ, ಜರ್ಮನ್ ವಿಮಾನದಿಂದ ಬಿದ್ದ ಬಾಂಬೊಂದು ಗುಮ್ಮಟವನ್ನು ತೂತುಮಾಡಿ ಅವರ ನಡುವೆಯೇ ನೆಲಕ್ಕುರುಳಿತು, ಆದರೆ ಸಿಡಿಯಲಿಲ್ಲ. ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಜೀವಸಹಿತ ಉಳಿದರು. ಅದರ ಪ್ರತಿಕೃತಿಯೊಂದನ್ನು ಇಂದಿಗೂ ಆ ದೇವಾಲಯದಲ್ಲಿ ಕಾಣಬಹುದು.

ಈ ಕಥೆಯನ್ನು ನಾವೂ ಹೇಳಿದ್ದೇವೆ. ತರಗತಿಯಲ್ಲಿ ಹೇಳಿದ್ದೇವೆ, ತಪೋಧ್ಯಾನಗಳಲ್ಲಿಯೂ ಹೇಳಿದ್ದೇವೆ. ಕೆಲವು ವರ್ಷಗಳ ಹಿಂದೆ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬರು, ಅದೇ ಯುದ್ಧದಲ್ಲಿ ಆ ದ್ವೀಪದಲ್ಲಿ ಸತ್ತವರ ವಿಷಯವಾಗಿ ಗುರುಗಳು ಏನು ಹೇಳುವಿರಿ ಎಂದು ಮೆಲ್ಲನೆ ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಹೋದಂತೆ ನಮಗೆ ಮನವರಿಕೆಯಾದದ್ದೆಂದರೆ, ನಾವು ಒಂದು ಕಟ್ಟಡವನ್ನು ಒಂದು ಸಂಜೆಗೆ ಕುಗ್ಗಿಸಿಬಿಟ್ಟಿದ್ದೇವೆ, ಅದು ನಿಜವಾಗಿ ನುಡಿಯುವ ಮಾತಿಗೆ ಕಿವಿಗೊಟ್ಟೇ ಇಲ್ಲ ಎಂಬುದು. ಈ ಲೇಖನ ಆ ತಪ್ಪಿನ ತಿದ್ದುಪಡಿ. ದ್ವೀಪದ ವಾಸ್ತುಚರಿತ್ರೆಯನ್ನೆಲ್ಲ ಹೇಳಿ ಮುಗಿಸುವ ಉದ್ದೇಶ ನಮಗಿಲ್ಲ. ಪ್ರತಿಯೊಂದು ಕಟ್ಟಡದ ಮುಂದೆಯೂ ಒಂದೇ ಪ್ರಶ್ನೆಯನ್ನು ಇಡುತ್ತೇವೆ: ಇಲ್ಲಿ ಜನರು ಎಲ್ಲಿ ನಿಲ್ಲುತ್ತಾರೆ?

ಸಂತ ಲೂಕರ ವರದಿಯಲ್ಲಿ ಮಾಲ್ಟಾದ ಮೊದಲ ಕ್ರೈಸ್ತ ಸಂದರ್ಭಕ್ಕೆ ಕಟ್ಟಡವೇ ಇಲ್ಲ ಎಂಬುದನ್ನು ಗಮನಿಸಬೇಕು. ಒಡೆದ ಹಡಗಿನಿಂದ 276 ಮಂದಿ ದಡ ಸೇರುತ್ತಾರೆ. ಮಳೆ, ಚಳಿ. ದ್ವೀಪದ ಜನರು ಬೆಂಕಿ ಹೊತ್ತಿಸಿ ಎಲ್ಲರನ್ನೂ ಹತ್ತಿರಕ್ಕೆ ಕರೆಯುತ್ತಾರೆ; ಪೌಲರು ಪುಳ್ಳೆ ಆಯ್ದು ತಂದು ಅದಕ್ಕೆ ಹಾಕುತ್ತಾರೆ. ಬೆಂಕಿಯ ಸುತ್ತ ನಿಂತವರಲ್ಲಿ ಕೈದಿಗಳಿದ್ದರು, ಸಿಪಾಯಿಗಳಿದ್ದರು, ನಾವಿಕರಿದ್ದರು, ಸುವಾರ್ತೆಯನ್ನೇ ಕೇಳದ ಊರವರಿದ್ದರು. ಧರ್ಮಸಭೆಯು ಆ ನೆಲದಲ್ಲಿ ಮೊದಲು ಒಂದು ವೃತ್ತವಾಗಿತ್ತು ಎಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಆದರೂ ಆ ಚಿತ್ರವನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಲಿ ಎಂದು ಬಯಸುತ್ತೇವೆ.

ಆದರೆ ಪೌಲರು ಇಳಿದದ್ದು ಬರಿಯ ಬಂಡೆಯ ಮೇಲಲ್ಲ. ಅವರಿಗಿಂತ ಮೂರೂವರೆ ಸಾವಿರ ವರ್ಷಗಳಿಗೂ ಮುಂಚೆ ಆ ದ್ವೀಪಗಳಲ್ಲಿ ಮಹಾಶಿಲಾ ದೇಗುಲಗಳು ಎದ್ದಿದ್ದವು. ಗೋಜೋ ದ್ವೀಪದ ಜ್ಗಾಂತಿಯಾ ಕ್ರಿ.ಪೂ. 3600ರ ಸುಮಾರಿನದು, ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯದು. ಮಾಲ್ಟಾದ ದಕ್ಷಿಣ ತೀರದಲ್ಲಿ ಹಜರ್ ಇಮ್ ಮತ್ತು ಮ್ನಾಯ್ದ್ರಾ ಸಮುದ್ರಕ್ಕೆ ಮುಖಮಾಡಿ ನಿಂತಿವೆ. ಇವುಗಳ ನೆಲನಕ್ಷೆಯನ್ನು ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಒಳಗೆ ಮಧ್ಯದ ಹಾದಿ, ಅದರ ಎರಡು ಬದಿಗೆ ಜೋಡಿ ಜೋಡಿಯಾಗಿ ಅರೆವೃತ್ತಾಕಾರದ ಕೋಣೆಗಳು. ಹೊಸ್ತಿಲ ಮೇಲೆ ಹೊಸ್ತಿಲು, ಒಳಹೋದಂತೆಲ್ಲ ಕಿರಿದಾಗುವ ದಾರಿ. ಹೊರಗೆ, ಒಳಬಾಗಿದ ದೊಡ್ಡ ಗೋಡೆ ತೋಳು ಚಾಚಿದಂತೆ ವಿಶಾಲ ಅಂಗಳವನ್ನು ಆವರಿಸಿಕೊಂಡಿದೆ. ಒಳಗೆ ಹಿಡಿಸುವವರು ಕೆಲವರು. ಅಂಗಳದಲ್ಲಿ ಹಿಡಿಸುವವರು ಊರಿಗೆ ಊರೇ. ಅಲ್ಲಿ ನಡೆಯುತ್ತಿದ್ದ ಆರಾಧನೆಯ ಸ್ವರೂಪ ಏನೇ ಇದ್ದಿರಲಿ, ಕಟ್ಟಡವೇ ಜನರನ್ನು ಒಳಗಿನವರು ಮತ್ತು ಹೊರಗಿನವರು ಎಂದು ವಿಂಗಡಿಸುತ್ತದೆ. ಈ ವಿಂಗಡಣೆಯನ್ನು ಕ್ರೈಸ್ತರಾದ ನಾವು ದಾಟಿದ್ದೇವೆ ಎಂದು ಬೀಗುವ ಮುನ್ನ ವಲೆಟ್ಟಾ ನಗರಕ್ಕೆ ಹೋಗಬೇಕು.

ಅಲ್ಲಿಗೆ ಹೋಗುವ ಮುಂಚೆ ಕಲ್ಲಿನ ವಿಷಯವಾಗಿ ಒಂದು ಮಾತು. ಮಾಲ್ಟಾದಲ್ಲಿ ಮರ ವಿರಳ. ತೊಲೆ, ಜಂತೆಗಳಿಗೆ ಬೇಕಾದ ಮರವನ್ನು ಹೊರಗಿನಿಂದ ತರಿಸಬೇಕು. ಕಲ್ಲಾದರೋ ಕಾಲಡಿಯಲ್ಲಿಯೇ ಇದೆ: ಜೇನುಬಣ್ಣದ ಮೃದು ಸುಣ್ಣಕಲ್ಲು. ಗಣಿಯಿಂದ ತೆಗೆದಾಗ ಅದನ್ನು ಸುಲಭವಾಗಿ ಕೊಯ್ಯಬಹುದು. ಗಾಳಿಗೆ ಮೈಯೊಡ್ಡಿದ ಮೇಲೆ ಅದರ ಮೇಲ್ಮೈ ಗಟ್ಟಿಯಾಗುತ್ತದೆ. ಕರಾವಳಿಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಮುರಕಲ್ಲಿನ ಗುಣವೂ ಇಂಥದೇ. ಮರವಿಲ್ಲದ ಕಾರಣ ಅಲ್ಲಿಯ ಗಾರೆಯವನು ಛಾವಣಿಯನ್ನೂ ಕಲ್ಲಿನಲ್ಲಿಯೇ ಹೊದಿಸಬೇಕಾಯಿತು. ಅದರಿಂದ ಕಮಾನು ಬಂತು, ಕಮಾನಿನಿಂದ ಗುಮ್ಮಟ ಬಂತು. ಆಕಾಶದ ಸಂಕೇತ, ನಿತ್ಯತೆಯ ಸಂಕೇತ ಎಂದು ನಾವು ಗುಮ್ಮಟಕ್ಕೆ ಅರ್ಥ ಹಚ್ಚುವ ಮುನ್ನ, ಬಡ ದ್ವೀಪವೊಂದು ತನ್ನ ಕೊರತೆಯನ್ನೇ ಕೌಶಲವಾಗಿ ಮಾರ್ಪಡಿಸಿಕೊಂಡಿತು ಎಂಬ ಸರಳ ಸತ್ಯವನ್ನು ಒಪ್ಪಿಕೊಳ್ಳುವುದು ಒಳ್ಳೆಯದು.

ಸಂತ ಯೊವಾನ್ನರ ನೈಟ್‌ಗಳು ಮಾಲ್ಟಾಕ್ಕೆ ಬಂದದ್ದು 1530ರಲ್ಲಿ. 1565ರ ಮಹಾಮುತ್ತಿಗೆಯಲ್ಲಿ ತುರ್ಕರ ಸೈನ್ಯವನ್ನು ಹಿಮ್ಮೆಟ್ಟಿಸಿದ ಮರುವರ್ಷವೇ ಮಹಾಪ್ರಭು ಜಾನ್ ದ ವಲೆತ್ ಹೊಸ ನಗರಕ್ಕೆ ಅಡಿಗಲ್ಲು ಇಟ್ಟರು. ನಕ್ಷೆ ಇಟಲಿಯ ಫ್ರಾಂಚೆಸ್ಕೊ ಲಾಪರೆಲ್ಲಿಯದು. ಕಟ್ಟಡಗಳಲ್ಲಿ ಮುಖ್ಯವಾದವು ಮಾಲ್ಟಾದವನೇ ಆದ ಜಿರೋಲಮೊ ಕಸ್ಸಾರನವು. ಕಸ್ಸಾರ್ ಸೈನಿಕ ಎಂಜಿನಿಯರ್. 1570ರ ದಶಕದಲ್ಲಿ ಅವನು ಕಟ್ಟಿದ ಸಂತ ಯೊವಾನ್ನರ ದೇವಾಲಯ ಹೊರಗಿನಿಂದ ಕೋಟೆಯ ಒಂದು ಮಗ್ಗುಲಿನಂತೆ ನಿರಾಭರಣವಾಗಿದೆ. ಒಳಹೊಕ್ಕವರ ಕಣ್ಣು ಕೋರೈಸುತ್ತದೆ. ಗೋಡೆಯ ಕಲ್ಲನ್ನೇ ಕೊರೆದು ಚಿನ್ನ ಹೊದಿಸಿದ ಕೆತ್ತನೆ. 1660ರ ದಶಕದಲ್ಲಿ ಮತ್ತಿಯಾ ಪ್ರೇತಿ ಛಾವಣಿಯುದ್ದಕ್ಕೂ ಬರೆದ ಸ್ನಾನಿಕ ಯೊವಾನ್ನರ ಜೀವನಚಿತ್ರಗಳು. ಕಾಲಡಿಯಲ್ಲಿ ಬಣ್ಣಬಣ್ಣದ ಅಮೃತಶಿಲೆಯ ಸುಮಾರು 400 ಸಮಾಧಿಫಲಕಗಳು. ಅವುಗಳ ಮೇಲೆ ಅಸ್ಥಿಪಂಜರಗಳು, ಕುಲಲಾಂಛನಗಳು, ಲತೀನ್ ಬರಹಗಳು.

ಈ ದೇವಾಲಯವನ್ನು ಹೊಗಳಿದ ಬರಹಗಳು ಅಸಂಖ್ಯ. ಹೊರಗೆ ದೀನ, ಒಳಗೆ ಶ್ರೀಮಂತ. ಆದುದರಿಂದ ಅದು ಕ್ರೈಸ್ತ ಆತ್ಮದ ಪ್ರತೀಕ ಎಂಬ ವ್ಯಾಖ್ಯಾನವನ್ನು ನಾವು ಹಲವು ಬಾರಿ ಓದಿದ್ದೇವೆ. ಇದನ್ನು ಒಪ್ಪಲಾರೆವು. ಅದು ಒಂದು ಧಾರ್ಮಿಕ ಸಭೆಯ ಖಾಸಗಿ ಮಠಾಲಯವಾಗಿತ್ತು. ನಗರದ ಜನಸಾಮಾನ್ಯರಿಗೆ ಧರ್ಮಕೇಂದ್ರಗಳು ಬೇರೆಯೇ ಇದ್ದವು. ಪಕ್ಕದ ಪೂಜಾಂಕಣಗಳು ಕೂಡ ನೈಟ್‌ಗಳ ಭಾಷಾಗುಂಪುಗಳ ಪ್ರಕಾರ ಹಂಚಿಕೆಯಾಗಿದ್ದವು. ನಮ್ಮ ಪ್ರಶ್ನೆಯನ್ನು ಇಲ್ಲಿಟ್ಟರೆ ಉತ್ತರ ಕಹಿಯಾಗಿದೆ: ಇಲ್ಲಿ ಜನರಿಗೆಂದು ಜಾಗವನ್ನು ಗೊತ್ತುಮಾಡಿರಲಿಲ್ಲ. ಅದು ಎಮ್ದಿನಾದ ಪ್ರಧಾನಾಲಯದೊಂದಿಗೆ ಸಹ ಪ್ರಧಾನಾಲಯವಾದದ್ದು 1816ರಲ್ಲಿ, ನೆಪೋಲಿಯನ್ ನೈಟ್‌ಗಳನ್ನು ಹೊರಗಟ್ಟಿ ಹದಿನೆಂಟು ವರ್ಷಗಳಾದ ಮೇಲೆ.

ಆದರೂ ಆ ಕಟ್ಟಡದೊಳಗೇ ಅದರ ವಿಮರ್ಶಕನೂ ಇದ್ದಾನೆ. ದೇವಾಲಯಕ್ಕೆ ಹೊಂದಿಕೊಂಡ ಪ್ರಾರ್ಥನಾಮಂದಿರದಲ್ಲಿ, ಎಳೆಯ ನೈಟ್‌ಗಳಿಗೆ ಶಿಕ್ಷಣ ಕೊಡುತ್ತಿದ್ದ ಸ್ಥಳದಲ್ಲಿ, ಕರವಾಜ್ಜೊ 1608ರಲ್ಲಿ ಬರೆದ ಸ್ನಾನಿಕ ಯೊವಾನ್ನರ ಶಿರಚ್ಛೇದನದ ಚಿತ್ರವಿದೆ. ಐದು ಮೀಟರಿಗೂ ಅಗಲವಾದ ಆ ಪಟದ ಬಹುಭಾಗ ಬರಿಯ ಗೋಡೆ. ಸೆರೆಮನೆಯ ಅಂಗಳ, ಮಬ್ಬುಗತ್ತಲೆ, ಒಂದು ಮೂಲೆಯಲ್ಲಿ ಒತ್ತೊತ್ತಾಗಿ ನಿಂತ ಕೆಲವರು, ನೆಲದ ಮೇಲೆ ಯೊವಾನ್ನರು. ಬಲಗಡೆ ಕಿಟಕಿಯ ಸರಳುಗಳ ಹಿಂದಿನಿಂದ ಇಬ್ಬರು ಕೈದಿಗಳು ಇಣುಕುತ್ತಿದ್ದಾರೆ. ಚಿನ್ನದ ಗೋಡೆಗಳಾಚೆಗೆ ಕರವಾಜ್ಜೊ ಈ ಬೋಳುಗೋಡೆಯನ್ನು ಎಬ್ಬಿಸಿದ. ಹೊರಗೆ ನಿಂತು ನೋಡುವವರಿಗೆ, ಆ ಇಬ್ಬರು ಕೈದಿಗಳಿಗೆ, ಚಿತ್ರದಲ್ಲಿಯಾದರೂ ಜಾಗ ಕೊಟ್ಟ. ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ಪ್ರಾರ್ಥನಾಮಂದಿರದಲ್ಲಿ, ಅವನ ಗೈರುಹಾಜರಿಯಲ್ಲಿ, ಸಭೆಯು ಅವನನ್ನು ಉಚ್ಚಾಟಿಸಿತು.

1693ರ ಭೂಕಂಪದ ತರುವಾಯ ಲೊರೆನ್ಸೊ ಗಫಾ ಎಮ್ದಿನಾದಲ್ಲಿ ಕಟ್ಟಿದ ಸಂತ ಪೌಲರ ಪ್ರಧಾನಾಲಯ ಬಹಳ ಸುಂದರ. ಬಯಲಿನ ಯಾವ ಮೂಲೆಯಿಂದ ನೋಡಿದರೂ ಕಾಣುವ ಅದರ ಗುಮ್ಮಟ ಮುಂದೆ ಹಳ್ಳಿಹಳ್ಳಿಗೂ ಮಾದರಿಯಾಯಿತು, ಸ್ಪರ್ಧೆಗೂ ಕಾರಣವಾಯಿತು. ನಮಗೆ ಮುಖ್ಯವಾದದ್ದು ಆ ಹಳ್ಳಿಗಳಲ್ಲೊಂದು.

ಮೊಸ್ತಾದಲ್ಲಿ ತೊಮ್ಮಾಸೊ ದಿಂಗ್ಲಿ ಕಟ್ಟಿದ್ದ 17ನೆಯ ಶತಮಾನದ ದೇವಾಲಯವೊಂದಿತ್ತು. ಜನ ಹೆಚ್ಚಿದರು, ಜಾಗ ಸಾಲದಾಯಿತು. ಜಾರ್ಜೊ ಗ್ರೊನ್ಯೆ ದ ವಸ್ಸೆ ಎಂಬವನು ರೋಮಿನ ಪ್ಯಾಂಥಿಯನ್ನನ್ನು ಮಾದರಿಯಾಗಿ ಇಟ್ಟುಕೊಂಡು ವೃತ್ತಾಕಾರದ ದೇವಾಲಯವೊಂದಕ್ಕೆ ನಕ್ಷೆ ಸಿದ್ಧಪಡಿಸಿದ. ವಿಚಿತ್ರ ಮನುಷ್ಯ, ಮುಳುಗಿಹೋದ ಅಟ್ಲಾಂಟಿಸ್ ಖಂಡದ ಉಳಿಕೆಯೇ ಮಾಲ್ಟಾ ಎಂದು ನಂಬಿದ್ದವನು. ಅನ್ಯದೇವತೆಗಳ ಗುಡಿಯೊಂದು ಕಥೋಲಿಕ ದೇವಾಲಯಕ್ಕೆ ಮಾದರಿಯಾಗುವುದು ಆಗಿನ ಧರ್ಮಾಧ್ಯಕ್ಷರಾದ ಫ್ರಾಂಚೆಸ್ಕೊ ಸವೇರಿಯೊ ಕರುವಾನ ಅವರಿಗೆ ಒಪ್ಪಿಗೆಯಾಗಲಿಲ್ಲ. ಆದರೂ 1833ರ ಮೇ 30ರಂದು ಕೆಲಸ ಆರಂಭವಾಯಿತು.

ಅದು ನಡೆದ ರೀತಿಯನ್ನು ನಾವು ನಿಧಾನವಾಗಿ ನೋಡಬೇಕು. ಹಳೆಯ ದೇವಾಲಯವನ್ನು ಕೆಡವಲಿಲ್ಲ. ಅದರ ಸುತ್ತಲೂ ಹೊಸ ಗೋಡೆಯನ್ನು ಎಬ್ಬಿಸಿದರು. ಸುಮಾರು ಒಂಬತ್ತು ಮೀಟರ್ ದಪ್ಪದ ಆ ಗೋಡೆ ವರ್ಷವರ್ಷವೂ ಮೇಲೇರುತ್ತಿದ್ದಾಗ ಒಳಗಿನ ಹಳೆಯ ದೇವಾಲಯದಲ್ಲಿ ಬಲಿಪೂಜೆ ನಿಲ್ಲಲಿಲ್ಲ. ಅಲ್ಲಿಯೇ ಜ್ಞಾನಸ್ನಾನಗಳಾದವು, ಮದುವೆಗಳಾದವು, ಶವಪೆಟ್ಟಿಗೆಗಳು ಅಲ್ಲಿಂದಲೇ ಹೊರಟವು. ದುಡಿದವರಲ್ಲಿ ಬಹುಮಂದಿ ಧರ್ಮಕೇಂದ್ರದ ಜನರೇ. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಕೂಲಿಯಿಲ್ಲದೆ ದುಡಿದರು. ಗುಮ್ಮಟವನ್ನು ಸಾರುವೆಯಿಲ್ಲದೆಯೇ ಸುತ್ತುಸುತ್ತಾಗಿ ಏರಿಸಿದರು. ಒಳಅಳತೆಯಲ್ಲಿ ಅದರ ಅಡ್ಡಗಲ 37 ಮೀಟರುಗಳಷ್ಟು. ಹಳೆಯ ದೇವಾಲಯವನ್ನು ಕೆಡವಿದ್ದು 1860ರಲ್ಲಿ, ತಲೆಯ ಮೇಲೆ ಹೊಸ ಛಾವಣಿ ಸಿದ್ಧವಾದ ಮೇಲೆ. ವಿಧಿವತ್ತಾದ ಪವಿತ್ರೀಕರಣ ನಡೆದದ್ದು 1871ರಲ್ಲಿ.

ಇಪ್ಪತ್ತೇಳು ವರ್ಷಗಳು! ಮೊದಲ ಕಲ್ಲನ್ನು ಹೊತ್ತ ಯುವಕ ಕೊನೆಯ ಕಲ್ಲು ಕೂರುವಾಗ ಅಜ್ಜನಾಗಿದ್ದಿರಬೇಕು. ಎಷ್ಟೋ ಮಂದಿ ಹೊಸ ದೇವಾಲಯದಲ್ಲಿ ಒಂದು ಪೂಜೆಯನ್ನೂ ಕಾಣದೆ ತೀರಿಕೊಂಡಿರಬೇಕು. ನಮ್ಮಲ್ಲಿ ಹೊಸ ದೇವಾಲಯ ಕಟ್ಟುವುದೆಂದರೆ ಮೊದಲು ಜೆಸಿಬಿ ಬರುತ್ತದೆ. ಪೂಜೆ ಶಾಲೆಯ ಸಭಾಂಗಣಕ್ಕೋ ತಗಡಿನ ಚಪ್ಪರಕ್ಕೋ ವರ್ಗವಾಗುತ್ತದೆ. ಗುರುಗಳ ವರ್ಗಾವಣೆಯ ಒಳಗೆ ಉದ್ಘಾಟನೆ ಮುಗಿಯಬೇಕು, ಫಲಕದಲ್ಲಿ ಹೆಸರು ಕೊರೆಯಬೇಕು. ಈ ಮಾತನ್ನು ಬರೆಯುತ್ತಿರುವ ನಾವೂ ಈ ಆತುರದಿಂದ ಹೊರತಾದವರಲ್ಲ. ಮೊಸ್ತಾದಲ್ಲಿಯಾದರೋ ಪರಂಪರೆ ಮತ್ತು ನವೀಕರಣಗಳ ಸಂಬಂಧವನ್ನು ಕುರಿತು ನಾವು ಧರ್ಮಸಭಾಶಾಸ್ತ್ರದ ತರಗತಿಯಲ್ಲಿ ಕಷ್ಟಪಟ್ಟು ವಿವರಿಸುವುದನ್ನು ಗಾರೆಯವರು ಕೈಯಿಂದ ಮಾಡಿ ತೋರಿಸಿದರು. ಹೊಸದು ಹಳೆಯದರ ಸುತ್ತ ಬೆಳೆಯಿತು; ಹಳೆಯದು ಪ್ರಾರ್ಥಿಸುತ್ತಲೇ ಇತ್ತು.

ಹೀಗೆಂದ ಮಾತ್ರಕ್ಕೆ ಕಟ್ಟಡ ನಿರ್ದೋಷವೆಂದು ನಮ್ಮ ಅಭಿಪ್ರಾಯವಲ್ಲ. ಧರ್ಮಾಧ್ಯಕ್ಷ ಕರುವಾನ ಅವರನ್ನು ಹಳೆಯ ಕಾಲದ ಮೊಂಡರೆಂದು ಚಿತ್ರಿಸುವುದು ರೂಢಿಯಾಗಿದೆ. ಅದು ಅನ್ಯಾಯ. ಅನ್ಯಧರ್ಮದ ಗುಡಿ ಎಂಬ ಅವರ ಕಾರಣ ದುರ್ಬಲವಾಗಿರಬಹುದು. ರೋಮಿನ ಪ್ಯಾಂಥಿಯನ್ನೇ ಏಳನೆಯ ಶತಮಾನದಿಂದ ದೇವಾಲಯವಾಗಿದೆ. ಆದರೆ ವೃತ್ತದ ವಿಷಯವಾಗಿ ಆತಂಕಪಡಲು ಬೇರೊಂದು ಸಕಾರಣವಿತ್ತು. ವೃತ್ತಕ್ಕೆ ಕೇಂದ್ರವೇ ಮುಖ್ಯ. ಮೊಸ್ತಾದಲ್ಲಿಯೋ ಪ್ರಧಾನ ಬಲಿಪೀಠ ಬಾಗಿಲಿಗೆ ಎದುರಾಗಿ ಗೋಡೆಯ ಅಂಚಿನಲ್ಲಿದೆ. ಜನರು ಸಾಲುಸಾಲಾಗಿ ಅದರತ್ತ ಮುಖಮಾಡಿ ಕೂರುತ್ತಾರೆ. ಗುಮ್ಮಟದ ಕೇಂದ್ರ ಯಾವುದನ್ನು ಗುರುತಿಸುತ್ತದೋ ಅಲ್ಲಿ ಬೆಂಚುಗಳಿವೆ. ಕಟ್ಟಡ ಒಂದು ಮಾತು ಹೇಳುತ್ತದೆ, ಆರಾಧನೆ ಇನ್ನೊಂದು ಮಾತು ಹೇಳುತ್ತದೆ. ತೀರದ ಬೆಂಕಿಯ ಸುತ್ತ ನಿಂತಂತೆ ಆ ಜನರು ಬಲಿಪೀಠದ ಸುತ್ತ ನಿಲ್ಲಲಾಗಲಿಲ್ಲ. ತಾವು ಕಟ್ಟಿದ ವೃತ್ತವನ್ನು ಅವರು ಪೂರ್ಣವಾಗಿ ಬಳಸಲೇ ಇಲ್ಲ.

ಇನ್ನು ಆ ಬಾಂಬು. ಆ ಜನರ ಕೃತಜ್ಞತೆಯನ್ನು ಪ್ರಶ್ನಿಸಲು ನಾವು ಯಾರು? ಸಾವು ಕಾಲಬುಡಕ್ಕೆ ಉರುಳಿಬಂದು ಸುಮ್ಮನಾದದ್ದನ್ನು ಕಂಡವರು ದೇವರಿಗೆ ವಂದನೆ ಸಲ್ಲಿಸಿದರೆ ಅದು ಸತ್ಯವಾದ ಪ್ರಾರ್ಥನೆ. ನಮ್ಮ ತಕರಾರು ಅದನ್ನು ಎರವಲು ತಂದು ಸಿದ್ಧಾಂತ ಮಾಡುವ ಪ್ರಬೋಧಕರೊಂದಿಗೆ, ಎಂದರೆ ನಮ್ಮೊಂದಿಗೇ. ಅದಕ್ಕೆ ಮೂರು ವಾರ ಕೂಡ ಮುಂಚಿನದಲ್ಲ, ಮಾರ್ಚ್ 21ರಂದು, ಅದೇ ಮೊಸ್ತಾದಲ್ಲಿ ಜನರು ಅಡಗಿದ್ದ ಆಶ್ರಯಸುರಂಗದ ಬಾಯಿಗೆ ಬಾಂಬು ಬಿದ್ದು ಅನೇಕರು ಸತ್ತಿದ್ದರು. ಅದೇ ಧರ್ಮಕೇಂದ್ರದ ಜನ. ಅದೇ ಗುಮ್ಮಟದ ಕೆಳಗೆ ಪ್ರಾರ್ಥಿಸುತ್ತಿದ್ದವರು. ಏಪ್ರಿಲ್ 9ರ ಸಂಜೆ ನೆರೆದವರಲ್ಲಿ ಆ ಸತ್ತವರಿಗಾಗಿ ಅಳುತ್ತಿದ್ದವರೂ ಇದ್ದಿರಲೇಬೇಕು. ಒಂದು ಬಾಂಬಿಗೆ ದೇವರ ಕೈ ಅಡ್ಡವಾಯಿತು ಎಂದು ಸಲೀಸಾಗಿ ನುಡಿಯುವವನು ಇನ್ನೊಂದು ಬಾಂಬಿಗೆ ಏನು ಹೇಳಿದಂತಾಯಿತು ಎಂಬುದನ್ನು ಯೋಚಿಸಿರುವುದಿಲ್ಲ. ಸಿಲೊವಾಮಿನ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿಯ ವಿಷಯದಲ್ಲಿ ಪ್ರಭು ಈ ಲೆಕ್ಕಾಚಾರವನ್ನು ನಿರಾಕರಿಸಿದರು. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂಬುದನ್ನು ಅವರು ಒಪ್ಪಲಿಲ್ಲ. ಕುಸಿದ ಗೋಪುರದಿಂದ ತೀರ್ಪನ್ನು ಓದಬಾರದೆಂದರೆ ಕುಸಿಯದ ಗುಮ್ಮಟದಿಂದ ಬಹುಮಾನವನ್ನು ಓದುವುದು ಹೇಗೆ ಸರಿಯಾದೀತು?

ಆ ವಿದ್ಯಾರ್ಥಿಗೆ ನಾವು ಕೊಡಬಹುದಾದ ಉತ್ತರ ಇಷ್ಟೇ. ಪರಿಪಾಲನೆಯ ಗುರುತನ್ನು ಆ ಕಟ್ಟಡದಲ್ಲಿ ಹುಡುಕುವುದಾದರೆ ಗುಮ್ಮಟದ ತೂತಿನಲ್ಲಿ ಹುಡುಕುವುದು ಬೇಡ. ಒಳಗೆ ನಿಲ್ಲದೆ ನಡೆದ ಇಪ್ಪತ್ತೇಳು ವರ್ಷಗಳ ಬಲಿಪೂಜೆಯಲ್ಲಿ ಹುಡುಕೋಣ. ಅಲ್ಲಿ ಸತ್ತವರ ಹೆಸರುಗಳೂ ಬದುಕಿದವರ ಹೆಸರುಗಳೂ ಒಂದೇ ಪ್ರಾರ್ಥನೆಯಲ್ಲಿ ಉಚ್ಚಾರವಾಗುತ್ತಿದ್ದವು. ಈ ಉತ್ತರ ದುಃಖವನ್ನು ತೀರಿಸುವುದಿಲ್ಲವೆಂದು ಬಲ್ಲೆವು. ಆದರೆ ಸುರಂಗದ ಬಾಯಲ್ಲಿ ಸತ್ತವರನ್ನು ಅದು ಹೊರಗಿಡುವುದಿಲ್ಲ.

ಮೊಸ್ತಾದ ವಿಧಾನವನ್ನು ಗೋಜೋ ದ್ವೀಪದ ಶೆವ್ಕಿಯಾ ಎಂಬ ಹಳ್ಳಿ 20ನೆಯ ಶತಮಾನದಲ್ಲಿ ಮತ್ತೆ ಅನುಸರಿಸಿತು. ಅಲ್ಲಿಯೂ ಹಳೆಯ ದೇವಾಲಯದ ಸುತ್ತ ಹೊಸ ವೃತ್ತಾಲಯ ಎದ್ದಿತು. ಅಲ್ಲಿಯೂ ಊರವರ ದುಡಿಮೆ, ಊರವರ ಹಣ. ವಾಸ್ತುಶಿಲ್ಪಿ ಜುಜೆ ದಮಾತೊ. ಎತ್ತರ ಸುಮಾರು 75 ಮೀಟರ್. ಹಳ್ಳಿಯ ಜನಸಂಖ್ಯೆ ಮೂರು ಸಾವಿರದಷ್ಟು. ಊರಿನ ಎಲ್ಲರೂ ಒಮ್ಮೆಗೇ ಒಳಬಂದರೂ ಜಾಗ ಸಾಕು. ಭಕ್ತಿಯನ್ನು ಗೌರವಿಸುತ್ತಲೇ ಹೇಳಬೇಕಾಗಿದೆ: ಇಲ್ಲಿ ಗೋಡೆಯನ್ನು ಏರಿಸಿದ್ದು ಆರಾಧನೆಯ ಅಗತ್ಯವಷ್ಟೇ ಅಲ್ಲ, ನೆರೆಯೂರಿನ ಗುಮ್ಮಟವೂ ಹೌದು. ವಿಧಾನ ಅದೇ ಆದರೂ ಮೊಸ್ತಾದಲ್ಲಿ ಕಾಣುವ ಅನಿವಾರ್ಯತೆ ಇಲ್ಲಿ ನಮಗೆ ಕಾಣುವುದಿಲ್ಲ. ಹಳೆಯ ದೇವಾಲಯದ ಕೆತ್ತನೆಗಳನ್ನು ಮಾತ್ರ ಜನರು ಎಸೆಯಲಿಲ್ಲ. ಪಕ್ಕದ ಒಂದು ಕೋಣೆಯಲ್ಲಿ ಅವುಗಳನ್ನು ಮತ್ತೆ ಜೋಡಿಸಿಟ್ಟಿದ್ದಾರೆ.

ಶೆವ್ಕಿಯಾದ ಗೋಡೆಗಳು ಏರುತ್ತಿದ್ದ ಕಾಲದಲ್ಲಿಯೇ ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪವಿತ್ರ ಆರಾಧನಾವಿಧಿಯ ಸಂವಿಧಾನವನ್ನು ಹೊರಡಿಸಿತು. ಧರ್ಮಸಭೆಗೆ ತನ್ನದೇ ಆದ ಒಂದು ಕಲಾಶೈಲಿ ಇಲ್ಲವೆಂದೂ, ಆಡಂಬರಕ್ಕಿಂತ ಉದಾತ್ತ ಸೌಂದರ್ಯ ಬೇಕೆಂದೂ, ಕಟ್ಟಡವು ಭಕ್ತಜನರ ಸಕ್ರಿಯ ಭಾಗವಹಿಸುವಿಕೆಗೆ ಅನುಕೂಲವಾಗಿರಬೇಕೆಂದೂ ಅದು ತಿಳಿಸಿತು. ಸರಿಸುಮಾರು ಅದೇ ವರ್ಷಗಳಲ್ಲಿ ಮಾಲ್ಟಾದ ವಾಯವ್ಯದ ಮನಿಕಾತಾ ಎಂಬ ರೈತರ ಹಳ್ಳಿಗೆ ರಿಚರ್ಡ್ ಇಂಗ್ಲೆಂಡ್ ಎಂಬ ಯುವ ವಾಸ್ತುಶಿಲ್ಪಿ ಒಂದು ಪುಟ್ಟ ದೇವಾಲಯವನ್ನು ಯೋಜಿಸುತ್ತಿದ್ದರು. 1962ರಲ್ಲಿ ಆರಂಭವಾದ ಆ ಯೋಜನೆ ಪೂರ್ಣಗೊಂಡದ್ದು 1974ರಲ್ಲಿ. ಅಲ್ಲಿ ಗುಮ್ಮಟವಿಲ್ಲ, ಕಂಬಗಳಿಲ್ಲ, ಚಿನ್ನವಿಲ್ಲ. ಬಾಗಿದ ಗೋಡೆಗಳು ಎರಡು ಕೈಗಳಂತೆ ಜನರನ್ನು ಬಳಸಿಕೊಳ್ಳುತ್ತವೆ. ರೂಪದ ಮೂಲಗಳು ಎರಡು: ಹೊಲಗಳಲ್ಲಿ ರೈತರು ಗಾರೆಯಿಲ್ಲದೆ ಕಲ್ಲು ಪೇರಿಸಿ ಕಟ್ಟುವ ಗಿರ್ನಾ ಎಂಬ ಗುಡಿಸಲು, ಮತ್ತು ಮೇಲೆ ಹೇಳಿದ ಮಹಾಶಿಲಾ ದೇಗುಲಗಳು.

ಇದನ್ನು ನಾವು ಮೆಚ್ಚುತ್ತೇವೆ. ಮೀಸಲು ಮಾತಿಲ್ಲದೆ ಅಲ್ಲ. ಐದು ಸಾವಿರ ವರ್ಷ ಹಿಂದಿನ ದೇಗುಲದ ಬಾಗು ಸಂಸ್ಕೃತ್ಯನುಗಮನವೆಂದು ಸುಲಭವಾಗಿ ಹೊಗಳಿಸಿಕೊಳ್ಳುತ್ತದೆ. ಆದರೆ ಆ ದೇಗುಲಗಳು ಜನರನ್ನು ಹೊರಗೆ ನಿಲ್ಲಿಸಿದವು ಎಂಬುದನ್ನು ಮರೆಯಲಾಗದು. ಸತ್ತ ಧರ್ಮವೊಂದರ ಆಕಾರವನ್ನು ತರುವುದು ಬದುಕಿರುವ ಜನರ ಸಂಸ್ಕೃತಿಯನ್ನು ಸ್ವೀಕರಿಸಿದಂತಾಗುವುದಿಲ್ಲ. ಮನಿಕಾತಾವನ್ನು ಉಳಿಸಿರುವುದು ಗಿರ್ನಾ. ಅದು ಆ ರೈತನು ತನ್ನ ಕೈಯಿಂದಲೇ ಕಟ್ಟಿಕೊಂಡದ್ದು, ಮಳೆ ಬಂದಾಗ ಸಲಕರಣೆಗಳೊಂದಿಗೆ ಒಳಸೇರಿದ ಜಾಗ. ಹೊಲದ ಗುಡಿಸಲಿನಂತಿರುವ ದೇವಾಲಯದೊಳಕ್ಕೆ ಬರುವಾಗ ಆತನಿಗೆ ಪರಕೀಯತೆ ಅನಿಸಲಾರದು. ಇಲ್ಲಿ ಅಂಗಳದ ಬಾಗು ಒಳಗೆ ಬಂದಿದೆ. ಹೊರಗೆ ನಿಲ್ಲುತ್ತಿದ್ದವರು ಒಳಗೆ ಕುಳಿತಿದ್ದಾರೆ.

ನಮ್ಮ ಆರಾಧನಾಶಾಸ್ತ್ರದ ಪಾಠಕ್ರಮದಲ್ಲಿ ದೇವಾಲಯ ವಾಸ್ತುವಿಗೆ ಮೀಸಲಾಗಿರುವುದು ನಾಲ್ಕೇ ತಾಸು. ಅದರಲ್ಲಿ ಬಹುಪಾಲು ರೋಮಿಗೂ ಫ್ರಾನ್ಸಿಗೂ ಖರ್ಚಾಗುತ್ತದೆ. ಈ ವರ್ಷದಿಂದ ಮೊಸ್ತಾ, ಶೆವ್ಕಿಯಾ ಮತ್ತು ಮನಿಕಾತಾಗಳ ನೆಲನಕ್ಷೆಗಳನ್ನು, ಛಾಯಾಚಿತ್ರಗಳಿಲ್ಲದೆ, ಮೊದಲ ತಾಸಿನಲ್ಲಿಯೇ ವಿದ್ಯಾರ್ಥಿಗಳ ಮುಂದೆ ಇಡುತ್ತಿದ್ದೇವೆ. ಮೊಸ್ತಾದ ನಕ್ಷೆಯ ಮೇಲೆ ದಿಂಗ್ಲಿಯ ಹಳೆಯ ದೇವಾಲಯವನ್ನು ಚುಕ್ಕೆಗೆರೆಯಿಂದ ಗುರುತಿಸಬೇಕೆಂದು ಕೇಳುತ್ತೇವೆ. ಕೆಡವಿದ ಮೇಲೆ ಆ ಕಲ್ಲುಗಳನ್ನು ಹೊಸ ದೇವಾಲಯದ ಬಾಗಿಲಿನ ಮೂಲಕವೇ ಹೊರಕ್ಕೆ ಸಾಗಿಸಿರಬೇಕು, ಬೇರೆ ದಾರಿ ಇರಲಿಲ್ಲವಲ್ಲ ಎಂದು ಈ ಬಾರಿ ಒಬ್ಬರು ಗಮನಿಸಿದರು. ಅದು ನಮಗೆ ಹೊಳೆದಿರಲಿಲ್ಲ.